ಕಾಫಿ ಸಿಪ್ಪೆ: ರಾಶಿ ಹಾಕುವುದೋ, ಎರೆಹುಳು ಬೆಡ್ಡಿಗೋ, ನೇರ ಗಿಡದ ಬುಡಕ್ಕೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಕ್ರಮದ ರಾಶಿಗೆ. ದುಡ್ಡು ಕೊಟ್ಟು ಎರೆಹುಳು ಬೆಡ್ ತಂದು ಬಳಸಿದ ಮೇಲಂತೂ ಅದು ಇನ್ನೂ ಗಟ್ಟಿಯಾಗಿದೆ. ಮೂಡಿಗೆರೆ ಕಡೆಯ ಸಣ್ಣ ತೋಟ ನಮ್ಮದು. ಒಂದಿಷ್ಟು ಅರೇಬಿಕಾ, ಉಳಿದದ್ದು ರೊಬಸ್ಟಾ. ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಹಸಿ ಸಿಪ್ಪೆ, ಒಣಗಿದ ಕಾಯಿ ಒಡೆಯುವ ಹಲ್ಲರ್ ಯಂತ್ರದ ಹೊಟ್ಟು, ಮರಗಸಿ ಮಾಡಿದಾಗ (ನೆರಳುಮರದ ಕೊಂಬೆ ಸವರಿದಾಗ) ಬೀಳುವ ಸೊಪ್ಪು, ಇಷ್ಟನ್ನೂ ಮಣ್ಣಿಗೇ ವಾಪಸ್ ಸೇರಿಸಬೇಕು. ಮೂರು ದಾರಿಯನ್ನೂ ಮಾಡಿ ನೋಡಿದ್ದೇನೆ.

ನೇರ ಬುಡಕ್ಕೆ ಸುರಿಯುವುದು ಎಲ್ಲಕ್ಕಿಂತ ಸುಲಭ, ಖರ್ಚಿಲ್ಲ. ಆದರೆ ಇಳಿಜಾರಿನ ತೋಟದಲ್ಲಿ ಹೊಟ್ಟು ಮಳೆನೀರಿನ ಜೊತೆ ತೇಲಿಕೊಂಡು ಹಳ್ಳ ಸೇರುತ್ತದೆ. ನಿಂತದ್ದೂ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಎಳೆಗಿಡದ ಎಲೆ ಹಳದಿ ತಿರುಗುತ್ತದೆ. ಸಿಪ್ಪೆಯಲ್ಲಿ ಒಡೆಯದೆ ಉಳಿದ ಹಣ್ಣಿದ್ದರೆ ಕಾಫಿ ಕಾಯಿ ಕೊರೆಯುವ ಕೀಟ ಕಾಯಿಕೊರಕಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ.

ಇನ್ನು ಬೆಡ್. 12 ಅಡಿ ಉದ್ದ, 4 ಅಡಿ ಅಗಲದ ದಪ್ಪ ಪ್ಲಾಸ್ಟಿಕ್ ಚೀಲ. ಸುತ್ತ ಗೂಟ ನೆಟ್ಟು ಕಟ್ಟುವುದು. ಗೊಬ್ಬರದ ಗುಣಕ್ಕೆ ಹೆಸರಿಡುವಂತಿಲ್ಲ. ಕೈಯಲ್ಲಿ ಹಿಡಿದರೆ ಟೀಪುಡಿ ಹಾಗೆ ಉದುರುತ್ತದೆ, ವಾಸನೆಯಿಲ್ಲ. ತಕರಾರೆಲ್ಲ ಅದರ ಮೂಲೆಯಲ್ಲಿರುವ ಒಂದು ಪೈಪಿನದ್ದು.

ಹೆಚ್ಚಾದ ನೀರು ಹೋಗಲೆಂದು ಒಂದು ಮೂಲೆಯಲ್ಲಿ ಬೆರಳು ದಪ್ಪದ ಪೈಪು, ಅದರ ಬಾಯಿಗೆ ಜಾಲರಿ. ತೆಂಗಿನ ಗರಿಯನ್ನೋ ಸೆಗಣಿಯನ್ನೋ ತುಂಬುವವರಿಗೆ ಅಷ್ಟು ಸಾಕಾಗಬಹುದು. ಕಾಫಿ ಸಿಪ್ಪೆಗೆ ಆಗುವುದಿಲ್ಲ. ಅದರ ಲೋಳೆ ಜಾಲರಿಗೆ ಮೆತ್ತಿ ಮೇಣದ ಹಾಗೆ ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ಕಡ್ಡಿ ಚುಚ್ಚಿದರೆ ಜಾಲರಿ ಹರಿಯುತ್ತದೆ, ಒಳಗಿನಿಂದ ತೆಗೆಯಬೇಕೆಂದರೆ ಆ ಮೂಲೆಯ ಗೊಬ್ಬರವನ್ನೆಲ್ಲ ತೋಡಿ ಹೊರಗೆ ಹಾಕಬೇಕು. ಜಾಲರಿಯ ಸುತ್ತ ಜಲ್ಲಿ ಹಾಕಿದೆ, ತೆಂಗಿನ ನಾರು ಸುತ್ತಿದೆ. ಕೆಲವು ದಿನ ಸರಿ, ಮತ್ತೆ ಅದೇ ಕತೆ.

‘ಮರದ ನೆರಳಿದ್ದರೆ ಸಾಕಣ್ಣಾ, ಶೆಡ್ ಯಾಕೆ’ ಅಂದಿದ್ದರು ಮಾರಿದವರು. ಬಯಲುಸೀಮೆಗೆ ಸಾಕೇನೋ. ನಮ್ಮಲ್ಲಿ ಪುನರ್ವಸು ಮಳೆ ಹಿಡಿದರೆ ಬಿಡುವುದುಂಟೇ? ಬೆಡ್ ತೊಟ್ಟಿಯಾಯಿತು. ಎರೆಹುಳು ಉಸಿರಾಡುವುದು ಚರ್ಮದಿಂದ. ತೇವ ಬೇಕು, ನಿಂತ ನೀರು ಆಗದು. ಬೆಳಿಗ್ಗೆ ಹೋಗಿ ನೋಡಿದರೆ ಪ್ಲಾಸ್ಟಿಕ್ಕಿನ ಅಂಚಿನ ಮೇಲೆ, ಗೂಟದ ಮೇಲೆ, ಹಗ್ಗದ ಗಂಟಿನ ಸಂದಿಯಲ್ಲಿ ಹುಳುಗಳ ಸಾಲು. ಕೆ.ಜಿ. ಲೆಕ್ಕದಲ್ಲಿ ಕೊಂಡು ತಂದ ಹುಳು ಬೆಡ್ ಬಿಟ್ಟು ತೋಟಕ್ಕೆ ಹೊರಟಿತ್ತು. ಹುಳುವಿನ ವಾಸನೆಗೆ ಕಾಡುಹಂದಿ ಬಂದು ಒಂದು ಬದಿಯನ್ನೇ ಸೀಳಿ ಹಾಕಿತು. ಅದರ ಸುದ್ದಿ ಬೇರೆ.

ಅದಕ್ಕಿಂತ ದೊಡ್ಡ ಮಾತು, ಹಸಿ ಸಿಪ್ಪೆಯನ್ನು ಹುಳುವಿಗೆ ನೇರ ಹಾಕುವಂತಿಲ್ಲ. ಕಾವು ಏರಿ ಹುಳು ಸಾಯುತ್ತದೆ. ಮೊದಲು ಎರಡು ಮೂರು ವಾರ ರಾಶಿ ಹಾಕಿ ಅರೆಬರೆ ಕೊಳೆಸಿ, ಬಿಸಿ ಇಳಿದ ಮೇಲೆ ಕೊಡಬೇಕು. ರಾಶಿ ಹೇಗೂ ಹಾಕಲೇಬೇಕಾದರೆ ಅಲ್ಲೇ ಪೂರ್ತಿ ಕೊಳೆಸಿದರೆ ಆಯಿತಲ್ಲ!

ನನ್ನ ರಾಶಿಯಲ್ಲಿ ವಿಶೇಷವೇನಿಲ್ಲ. ನೀರು ನಿಲ್ಲದ ಜಾಗದಲ್ಲಿ ಒಂದು ಪದರ ಸಿಪ್ಪೆ, ಮೇಲೆ ಒಣ ಹೊಟ್ಟು ಅಥವಾ ತರಗು, ಹಾಲವಾಣದ ಸೊಪ್ಪು, ಸೆಗಣಿ ನೀರು, ತುಸು ರಾಕ್ ಫಾಸ್ಫೇಟ್, ಒಂದು ಬುಟ್ಟಿ ಮೇಲ್ಮಣ್ಣು. ಹೀಗೇ ಎದೆಮಟ್ಟಕ್ಕೆ. ಹಸಿ ಸಿಪ್ಪೆಯೊಂದೇ ಆದರೆ ಗಾಳಿಯಾಡದೆ ನಾರುತ್ತದೆ, ಒಣ ಹೊಟ್ಟು ಸೇರಿದರೆ ಇಲ್ಲ. ನಡುವೆ ಒಂದು ಕಬ್ಬಿಣದ ಸರಳು ಚುಚ್ಚಿಟ್ಟಿರುತ್ತೇನೆ. ಎಳೆದು ಮುಟ್ಟಿದಾಗ ಕೈ ಹಿಡಿಯಲಾಗದಷ್ಟು ಬಿಸಿಯಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಕಾವು 55 ಡಿಗ್ರಿ ದಾಟಿ ಕೆಲವು ದಿನ ಹಾಗೇ ನಿಂತರೆ ಕಳೆಬೀಜ, ಕೊರಕ ಎರಡೂ ಹೆಚ್ಚಿನ ಮಟ್ಟಿಗೆ ಸಾಯುತ್ತವೆ. ಸರಳು ತಣ್ಣಗಾದಾಗ ಮಗುಚಿ ಹಾಕುವುದು.

ಸುಣ್ಣವನ್ನು ಮಾತ್ರ ರಾಶಿಗೆ ಹಾಕಬೇಡಿ. ಸೆಗಣಿಯ ಜೊತೆ ಸೇರಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ನಮ್ಮ ಹುಳಿಮಣ್ಣಿಗೆ ಸುಣ್ಣ ಬೇಕು, ಆದರೆ ಅದನ್ನು ತೋಟಕ್ಕೆ ಬೇರೆಯಾಗಿಯೇ ಕೊಡಬೇಕು. ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯವರನ್ನು ಕೇಳಿ.

ಡ್ರಮ್ಮಿನಲ್ಲಿ 200 ಲೀಟರ್ ನೀರು, 2 ಕೆ.ಜಿ. ಬೆಲ್ಲ ಹಾಕಿ ಬೆಳೆಸುವ ವೇಸ್ಟ್ ಡಿಕಂಪೋಸರ್ (ಕಸ ಕೊಳೆಸುವ ಸೂಕ್ಷ್ಮಜೀವಿಗಳ ದ್ರಾವಣ) ಅನ್ನೂ ರಾಶಿಗೆ ಎರಚಿ ನೋಡಿದೆ. ಅಗ್ಗ, ತೊಂದರೆಯಿಲ್ಲ, ಸೆಗಣಿ ಇರುವವರಿಗೆ ಬೇಕೆಂದೇನೂ ಇಲ್ಲ.

ರಾಶಿಯ ಒಂದೇ ಕಷ್ಟ ಮಗುಚುವ ಆಳು. ಕುಯ್ಲಿನ ಸಮಯದಲ್ಲಿ ಆ ಕೆಲಸಕ್ಕೆ ಯಾರೂ ಸಿಗುವುದಿಲ್ಲ. ನಾನು ಕುಯ್ಲು ಮುಗಿಯುವ ತನಕ ಪದರ ಕಟ್ಟುತ್ತಾ ಹೋಗಿ, ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಮಗುಚಿಸುತ್ತೇನೆ. ಮುಂಗಾರಿಗೆ ಮುಂಚೆ ಗೊಬ್ಬರ ಗಿಡದ ಸುತ್ತ ಬಿದ್ದಿರುತ್ತದೆ.

ರೊಬಸ್ಟಾ ಬೆಳೆಗಾರರಿಗೆ ಇನ್ನೊಂದು ಲೆಕ್ಕ. 50 ಕೆ.ಜಿ. ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗೆ ಔಟ್‌ಟರ್ನ್, ಅಂದರೆ ಒಡೆಸಿದಾಗ ಸಿಗುವ ಬೀಜ, 26-27 ಕೆ.ಜಿ. ಬಂದರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಹೊಟ್ಟೇ, ಅದರಲ್ಲಿ ಪೊಟ್ಯಾಷ್ ಚೆನ್ನಾಗಿದೆ. ಮೂಟೆ ಹಾಗೇ ಮಾರಿದರೆ ಅದೂ ವ್ಯಾಪಾರಿಯ ಪಾಲು. ಹಲ್ಲರ್‌ನಲ್ಲಿ ಒಡೆಸಿ ಹೊಟ್ಟು ವಾಪಸ್ ತರುವುದು ನನಗೆ ಗಿಟ್ಟುತ್ತದೆ, ಮಿಲ್ಲು ಹತ್ತಿರವಿದೆ. ದೂರದವರು ಗಾಡಿ ಬಾಡಿಗೆ ನೋಡಿಕೊಳ್ಳಿ.

ಬೆಡ್ ಯಾರಿಗೆ? ತಗಡಿನ ಶೆಡ್ ಮೊದಲೇ ಇದ್ದು, ನರ್ಸರಿ ಬುಟ್ಟಿಗೋ ಮೆಣಸಿನ ಬಳ್ಳಿಗೋ ಸ್ವಲ್ಪವೇ ಒಳ್ಳೆ ಗೊಬ್ಬರ ಬೇಕಾದವರಿಗೆ. ಅವರೂ ಪೈಪಿನ ಮೂಲೆ ತಗ್ಗಿಗೆ ಬರುವಂತೆ ನೆಲ ಸರಿ ಮಾಡಿಕೊಂಡ ಮೇಲೇ ಗೂಟ ನೆಡಲಿ. ತುಂಬಿದ ಬೆಡ್ಡನ್ನು ಆಮೇಲೆ ಅಲುಗಾಡಿಸಲಾಗುವುದಿಲ್ಲ.