ರಾಯಲ್ ಸರ್ಕಲ್ ಹತ್ತಿರದ ಸಿ ಪ್ರೋಗ್ರಾಮಿಂಗ್ ಕ್ಲಾಸ್: ಲೈಬ್ರರಿ ಪಾಠಕ್ಕಾಗಿಯೇ ಹೋಗಬೇಕು

ಬಳ್ಳಾರಿಯಲ್ಲಿ ಸಿ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಹೆಚ್ಚಿನವರು ಪಾಯಿಂಟರ್‌ಗೇ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್) ಮುಗಿಸಿಬಿಡುತ್ತಾರೆ. ಈ ಭಾನುವಾರದ ಕ್ಲಾಸಿನ ಮೇಷ್ಟ್ರು ಮುಂದೆ ಹೋಗುತ್ತಾರೆ. ಲಿನಕ್ಸ್‌ನಲ್ಲಿ ನಮ್ಮಿಂದ ಎರಡು ಪ್ಲಗಿನ್, ಅಂದರೆ ಪ್ರೋಗ್ರಾಮ್ ಓಡುವಾಗ ಸೇರಿಸಿಕೊಳ್ಳುವ ಲೈಬ್ರರಿ (ಫಂಕ್ಷನ್‌ಗಳ ಕಟ್ಟು), ಬರೆಸಿದರು. ಎರಡನೆಯದು ಮೊದಲನೆಯದರ ಫಂಕ್ಷನ್ ಕರೆಯಬೇಕು. ಲೈಬ್ರರಿ ಲೋಡ್ ಮಾಡುವ ಡಿಎಲ್‌ಓಪನ್ ಫಂಕ್ಷನ್‌ನಿಂದ ಲೋಡ್ ಮಾಡಿದರೆ 'ಅನ್‌ಡಿಫೈನ್ಡ್ ಸಿಂಬಲ್' ಎರರ್, ಅಂದರೆ ಆ ಫಂಕ್ಷನ್ನಿನ ಹೆಸರೇ (ಸಿಂಬಲ್) ಸಿಗಲಿಲ್ಲ! ಉತ್ತರ ಹೇಳದೆ, "ಮ್ಯಾನ್ ಪೇಜ್ ಓದ್ರಪ್ಪ" (ಲಿನಕ್ಸ್‌ನ ಕೈಪಿಡಿ) ಎಂದು ಕೂತರು.

ಉತ್ತರ ಇಷ್ಟೇ: ಸಿಂಬಲ್‌ಗಳು ಯಾರಿಗೆ ಕಾಣಬೇಕು ಎಂದು ಡಿಎಲ್‌ಓಪನ್‌ಗೆ ಏನೂ ಹೇಳದಿದ್ದರೆ ಲಿನಕ್ಸ್ ಆರ್‌ಟಿಎಲ್‌ಡಿ_ಲೋಕಲ್ ಎಂದೇ ಹಿಡಿಯುತ್ತದೆ. ಆಗ ಮೊದಲ ಲೈಬ್ರರಿಯ ಸಿಂಬಲ್‌ಗಳು ಆಮೇಲೆ ಬಂದದ್ದಕ್ಕೆ ಕಾಣುವುದಿಲ್ಲ. ಆರ್‌ಟಿಎಲ್‌ಡಿ_ಗ್ಲೋಬಲ್ ಕೊಟ್ಟರೆ ಕಾಣುತ್ತವೆ. ಆದರೆ ಎಲ್ಲದಕ್ಕೂ ಗ್ಲೋಬಲ್ ಕೊಟ್ಟರೆ, ಒಂದೇ ಹೆಸರಿನ ಫಂಕ್ಷನ್ ಎರಡು ಕಡೆ ಇದ್ದಾಗ ಸಾಮಾನ್ಯವಾಗಿ ಮೊದಲು ಲೋಡ್ ಆದದ್ದೇ ಸಿಗುತ್ತದೆ, ನಮಗೆ ಬೇಕಾದದ್ದು ಇನ್ನೊಂದಾದರೂ. ಅದಕ್ಕೇ ಎರಡನೆಯ ಪ್ಲಗಿನ್ ಕಂಪೈಲ್ ಮಾಡಿ ಕಟ್ಟುವಾಗಲೇ ಮೊದಲನೆಯದಕ್ಕೆ ಲಿಂಕ್ ಮಾಡಿ ಎಂದರು. ನನಗೂ ಅದೇ ಸರಿ ಅನಿಸುತ್ತದೆ. ಮುಖ್ಯ ಪ್ರೋಗ್ರಾಮಿನ ಫಂಕ್ಷನ್ ಪ್ಲಗಿನ್‌ಗೆ ಬೇಕಾದರೆ ಸಿ ಕಂಪೈಲರ್ ಆದ ಜಿಸಿಸಿಗೆ ಆರ್‌ಡೈನಮಿಕ್ (-rdynamic) ಆಯ್ಕೆ ಕೊಡಬೇಕು. ಇದನ್ನು ಮಾತ್ರ ಅವಸರದಲ್ಲಿ ಮುಗಿಸಿದರು, ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕಿತ್ತು.

ರೂಮು ಚಿಕ್ಕದು, ಫ್ಯಾನ್ ಸಾಲದು. ಬಳ್ಳಾರಿ ಬಿಸಿಲು ಗೊತ್ತಲ್ವಾ? ಪಾಯಿಂಟರ್ ಬರದವರು ಸುಮ್ನೆ ಸೇರಬೇಡಿ, ಮೊದಲು ಅದನ್ನು ಕಲಿತು ಬನ್ನಿ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕಿಸಿಕೊಂಡೇ ಹೋಗಿ.