ಕಾರ್ನ್‌ನ ‘ಫಾಲೋ ದ ಲೀಡರ್’: ಸಿ.ಡಿ. ಕೊಳ್ಳಬೇಕೋ, ಎಲ್‌ಪಿಯೋ, ಸ್ಟ್ರೀಮಿಂಗ್ ಸಾಕೋ?

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕದ ಮೆಟಲ್ ಬ್ಯಾಂಡ್ ಕಾರ್ನ್‌ನ ಈ ಆಲ್ಬಮ್ಮಿಗೆ ಸಿ.ಡಿ.ಯೇ ಸರಿ. ಅದೂ ಸೆಕೆಂಡ್ ಹ್ಯಾಂಡ್ ಸಿ.ಡಿ. 1998ರ ಆಗಸ್ಟಿನಲ್ಲಿ ಬಂದ ಇದನ್ನು ಸಿ.ಡಿ.ಗೆಂದೇ ಕಟ್ಟಿದ್ದಾರೆ ಅನ್ನಲು ಟ್ರ್ಯಾಕ್ ಪಟ್ಟಿಯೇ ಸಾಕ್ಷಿ. ತಲೆ ತಿನ್ನುವುದೂ ಅದೇ ಪಟ್ಟಿ.

ಡಿಸ್ಕ್ ಹಾಕಿದರೆ ಪ್ಲೇಯರ್ 25 ಟ್ರ್ಯಾಕ್ ತೋರಿಸುತ್ತದೆ. ಹಾಡಿರುವುದು ಕೊನೆಯ 13ರಲ್ಲಿ ಮಾತ್ರ. ಮೊದಲ 12 ಪೂರ್ತಿ ನಿಶ್ಶಬ್ದ. ಒಂದೊಂದೂ 5 ಸೆಕೆಂಡ್, ಕೂಡಿದರೆ ಸರಿಯಾಗಿ ಒಂದು ನಿಮಿಷ. ಕ್ಯಾನ್ಸರಿನಿಂದ ತೀರಿಕೊಂಡ ಅಭಿಮಾನಿ ಹುಡುಗನಿಗೆ ಸಲ್ಲಿಸಿದ ಮೌನ ಅದು. ಸಿ.ಡಿ. ನಿಯಮದಲ್ಲಿ ಒಂದು ಟ್ರ್ಯಾಕ್ 4 ಸೆಕೆಂಡಿಗಿಂತ ಚಿಕ್ಕದಿರುವಂತಿಲ್ಲ, ಹಾಗಾಗಿ ನಿಮಿಷವನ್ನು ಇದಕ್ಕಿಂತ ತೀರಾ ಸಣ್ಣಗೆ ಹೆಚ್ಚಲೂ ಆಗುತ್ತಿರಲಿಲ್ಲ. ‘ಇಟ್ಸ್ ಆನ್!’ ಶುರುವಾಗುವುದು 13ನೇ ಟ್ರ್ಯಾಕಿನಲ್ಲಿ.

ಮನೆಯಲ್ಲಿ ರಿಮೋಟಿನಲ್ಲಿ 13 ಒತ್ತಿದರೆ ಆಯಿತು. ಕಾರಿನ ಸ್ಟೀರಿಯೊದಲ್ಲಿ ನಂಬರ್ ಬಟನ್ ಇಲ್ಲದಿದ್ದರೆ ‘ನೆಕ್ಸ್ಟ್’ ಅನ್ನು 12 ಸಲ ಕುಟ್ಟಬೇಕು, ಇಲ್ಲವೇ ನಿಮಿಷ ಕಾಯಬೇಕು. ಶಫಲ್ ಹಾಕಿದರಂತೂ ಹೆಚ್ಚುಕಡಿಮೆ ಹಾಡಿಗೊಂದು ಮೌನ.

ನಿಜವಾದ ಗೋಳು ರಿಪ್ ಮಾಡುವಾಗ, ಅಂದರೆ ಸಿ.ಡಿ.ಯ ಹಾಡುಗಳನ್ನು ಕಂಪ್ಯೂಟರಿಗೆ ಫೈಲುಗಳಾಗಿ ಇಳಿಸಿಕೊಳ್ಳುವಾಗ. ಅದಕ್ಕೆಂದೇ ಇರುವ ಎಕ್ಸಾಕ್ಟ್ ಆಡಿಯೊ ಕಾಪಿ ತಂತ್ರಾಂಶದಲ್ಲಿ 13ರಿಂದ 25 ಮಾತ್ರ ಆಯ್ದು ‘ಟೆಸ್ಟ್ ಅಂಡ್ ಕಾಪಿ’ (ಎರಡು ಸಲ ಓದಿ ತಾಳೆ ನೋಡುವ ಆಯ್ಕೆ) ಕೊಡಿ. ಹಾಡಿನ ಹೆಸರುಗಳನ್ನು ಆಗಲೇ, ಡಿಸ್ಕ್ ಡ್ರೈವಿನಲ್ಲಿರುವಾಗಲೇ ತುಂಬಿಸಿಕೊಳ್ಳಿ. ಆಮೇಲೆ ಫೈಲಿನೊಳಗಿನ ಹೆಸರು, ನಂಬರ್ ತಿದ್ದುವ ಎಂಪಿ3ಟ್ಯಾಗ್‌ ತಂತ್ರಾಂಶದ ಆಟೊ ನಂಬರಿಂಗ್‌ನಲ್ಲಿ 1ರಿಂದ ಎಣಿಸಿ, ಒಟ್ಟು 13 ಎಂದು ಕೊಡಿ. ಈ ಕ್ರಮ ತಿರುಗುಮುರುಗಾದರೆ ಕೆಟ್ಟಿತು. ಮೊದಲು ನಂಬರ್ ಬದಲಿಸಿ ಆಮೇಲೆ ಆನ್‌ಲೈನ್ ಹಾಡುಪಟ್ಟಿಗಳ ಡೇಟಾಬೇಸಿನಿಂದ ಹೆಸರು ತರಿಸಿದರೆ ಅಲ್ಲಿಯ ಪಟ್ಟಿಯೂ 25ರದ್ದೇ ಆಗಿದ್ದಲ್ಲಿ, ಎರಡನೇ ಫೈಲಿನಲ್ಲಿರುವ ‘ಫ್ರೀಕ್ ಆನ್ ಎ ಲೀಶ್’ಗೆ ಎರಡನೇ ಮೌನದ ಹೆಸರು ಅಂಟಿಕೊಳ್ಳುತ್ತದೆ, ಅಲ್ಲಿಂದ ಮುಂದಿನದ್ದೆಲ್ಲ ಹನ್ನೆರಡು ಮನೆ ಆಚೆ. ಈಗಾಗಲೇ 25ನ್ನೂ ರಿಪ್ ಮಾಡಿಟ್ಟವರು ಫೋಲ್ಡರನ್ನು ಸೈಜ್ ಪ್ರಕಾರ ಜೋಡಿಸಿ: 5 ಸೆಕೆಂಡಿನ ವೇವ್ (ಕುಗ್ಗಿಸದ) ಫೈಲ್ ಸುಮಾರು 880 ಕೆಬಿ, ನಾಲ್ಕು ನಿಮಿಷದ ಹಾಡು 42 ಎಂಬಿ. ಅಳಿಸಬೇಕಾದ್ದು ಯಾವುದೆಂದು ಕಣ್ಣಿಗೇ ಕಾಣುತ್ತದೆ.

ಕೊನೆಯ ಟ್ರ್ಯಾಕಿನಲ್ಲಿ ಇನ್ನೊಂದು ಕೊಸರು. ‘ಮೈ ಗಿಫ್ಟ್ ಟು ಯು’ ಮುಗಿದು, ಮೌನ ಕಳೆದು, ಹಾಸ್ಯನಟ ಚೀಚ್ ಮರಿನ್ ಜೊತೆಗಿನ ‘ಇಯರೇಕ್ ಮೈ ಐ’ ಬರುತ್ತದೆ. ಪಟ್ಟಿಯಲ್ಲಿ ಅದರ ಹೆಸರಿಲ್ಲ. ಬೇರೆ ಫೈಲ್ ಬೇಕಿದ್ದರೆ ಧ್ವನಿ ಕತ್ತರಿಸಿ ಜೋಡಿಸುವ ಆಡಾಸಿಟಿ ತಂತ್ರಾಂಶದಲ್ಲಿ ಮೌನದ ನಡುವೆ ಕತ್ತರಿಸಿ. ಆದರೆ ಎಕ್ಸ್‌ಪೋರ್ಟ್ ಮಾಡುವ ಮುನ್ನ ಡಿದರ್ (ಧ್ವನಿಗೆ ಬೆರೆಸುವ ಅತಿ ಸಣ್ಣ ಗೊರಗೊರ) ‘ನನ್’ ಎಂದಿಡಿ, ಅಂದರೆ ಬೇಡವೆನ್ನಿ. ಇಲ್ಲದಿದ್ದರೆ ಬಿಟ್‌ಗೆ ಬಿಟ್ ಕಾಪಿ ಮಾಡಿದ ಶ್ರಮ ನೀರಲ್ಲಿ ಹೋಮ.

ಇಷ್ಟೆಲ್ಲ ಒಮ್ಮೆ ಮಾಡಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ.

ಎಲ್‌ಪಿ ಎರಡು ತಟ್ಟೆಯದು. ಸುಮಾರು 70 ನಿಮಿಷದ ಆಲ್ಬಮ್ ನಾಲ್ಕು ಮುಖಕ್ಕೆ ಹಂಚಿಹೋಗುವುದರಿಂದ ಮುಖಕ್ಕೆ 17–18 ನಿಮಿಷ; ಬೇಸ್ (ತಗ್ಗಿನ ಸದ್ದು) ಜಾಸ್ತಿ ಇರುವ ಸಂಗೀತಕ್ಕೆ ಇದು ಒಳ್ಳೆಯದೇ, ಗೆರೆಗಳಿಗೆ ಅಗಲ ಸಿಗುತ್ತದೆ. ಆದರೆ ಐದು ತಂತಿಯ ಬೇಸ್ ಗಿಟಾರನ್ನು ಒಂದು ಟೋನ್ (ಒಂದು ಪೂರ್ಣ ಸ್ವರ) ಇಳಿಸಿಕೊಂಡು ನುಡಿಸುವ ಬ್ಯಾಂಡ್ ಇದು. ಅತಿ ಕೆಳಗಿನ ಸ್ವರ ‘ಎ’ 27.5 ಹರ್ಟ್ಸ್. ಟರ್ನ್‌ಟೇಬಲ್ಲನ್ನು ಸ್ಪೀಕರ್ ಇಟ್ಟ ಮೇಜಿನ ಮೇಲೇ ಇಟ್ಟರೆ ಆ ಅದುರು ಸೂಜಿಗೆ ಹತ್ತಿ ಗುಂಯ್‌ಗುಡುತ್ತದೆ. ಬೇರೆ ಸ್ಟ್ಯಾಂಡ್, ಸೂಜಿಯ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೊ ಪ್ರಿಆಂಪ್ ಎಂದು ಖರ್ಚು ಬೆಳೆಯುತ್ತದೆ. ಒಂದು ಮಾತು ಒಪ್ಪಲೇಬೇಕು: ಕಾಮಿಕ್ಸ್ ಕಲಾವಿದ ಗ್ರೆಗ್ ಕಪುಲ್ಲೊ ಬಿಡಿಸಿದ ಮುಖಪುಟ, ಬಂಡೆಯ ಅಂಚಿನಲ್ಲಿ ಕುಂಟೆಬಿಲ್ಲೆ ಆಡುವ ಹುಡುಗಿ, 12 ಇಂಚಿನಲ್ಲಿ ನೋಡಿದರೇನೇ ಚೆನ್ನ.

ಸ್ಟ್ರೀಮಿಂಗ್ ಕೇಳಿ ನೋಡುವುದಕ್ಕೆ ಸಾಕು. ಎಲ್ಲ ಹಾಡಿನ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಆಫ್ ಮಾಡಿ ಕೇಳಿ, ಇಲ್ಲದಿದ್ದರೆ ಸಪ್ಪೆ ಅನಿಸೀತು. ತಿಂಗಳ ಬಾಡಿಗೆ ನಿಂತ ದಿನ ಆಲ್ಬಮ್ಮೂ ಇಲ್ಲ.

ಹಳೇ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಡ್ರೈವ್ ಇದ್ದು, ಆಮೇಲೆ ಫೋನಿನಲ್ಲೇ ಕೇಳುವ ನನ್ನಂಥವರಿಗೆ ಎಲ್‌ಪಿಗೆ ಹಣ ಸುರಿಯುವ ಅರ್ಥ ಕಾಣುವುದಿಲ್ಲ. ಹಳೇ ಸಿ.ಡಿ. ಕೊಳ್ಳುವಾಗ ಮಾತ್ರ ಒಂದು ಎಚ್ಚರ. ಸಿ.ಡಿ. ಓದುವುದು ಒಳಗಿನಿಂದ ಹೊರಕ್ಕೆ. 70 ನಿಮಿಷದ ಡಿಸ್ಕಿನಲ್ಲಿ ಕೊನೆಯ ಹಾಡು ಬೀಳುವುದು ಬೆರಳು ತಾಗುವ, ಗೀರು ಬೀಳುವ ಅಂಚಿನಲ್ಲೇ. ಮೊದಲ ಟ್ರ್ಯಾಕ್ ಹಾಕಿ ತೋರಿಸಿದರೆ ಒಪ್ಪಬೇಡಿ, ಅಲ್ಲಿ ಹೇಗೂ ಏನೂ ಕೇಳಿಸುವುದಿಲ್ಲ. 25ನೆಯದನ್ನು ಹಾಕಿಸಿ, ಕೊನೆಯ ಎರಡು ನಿಮಿಷಕ್ಕೆ ಓಡಿಸಿ. ತಡವರಿಸದೆ ಹಾಡಿದರೆ ದುಡ್ಡು ಕೊಡಿ.