ಟಬಾಸ್ಕೊ, ಶ್ರೀರಾಚಾ, ಮನೆಯ ಖಾರದ ಸಾಸ್: ಯಾವುದು ಎಷ್ಟು ದಿನ ಬಾಳುತ್ತದೆ?

ಅಪರೂಪಕ್ಕೆ ನಾಲ್ಕು ಹನಿ ಬಳಸುವವರು ಟಬಾಸ್ಕೊ ಕೊಳ್ಳಿ. ಅದರಲ್ಲಿರುವುದು ವಿನೆಗರ್, ಕೆಂಪು ಮೆಣಸಿನಕಾಯಿ, ಉಪ್ಪು ಅಷ್ಟೇ. ಹುಳಿ ಜೋರಾಗಿರುವುದರಿಂದ ತೆರೆದ ಮೇಲೂ ಫ್ರಿಜ್ ಬೇಕಿಲ್ಲ, ವರ್ಷಗಟ್ಟಲೆ ಇರುತ್ತದೆ. ಬಣ್ಣ ಕಂದುವುದು ಗಾಳಿ, ಬೆಳಕಿನಿಂದ, ಅಷ್ಟಕ್ಕೇ ಎಸೆಯಬೇಡಿ. ಶ್ರೀರಾಚಾದಲ್ಲಿ ಸಕ್ಕರೆ, ಬೆಳ್ಳುಳ್ಳಿಯೂ ಇವೆ. ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು 6 ತಿಂಗಳೊಳಗೆ ಮುಗಿಸಿದರೆ ರುಚಿ ಕೆಡದು.

ನಿಜವಾದ ಎಚ್ಚರ ಬೇಕಿರುವುದು ಮನೆಯ ಸಾಸಿಗೆ. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಾಟುಲಿಸಂ (ಪ್ರಾಣಕ್ಕೇ ಅಪಾಯ ತರುವ ಆಹಾರದ ವಿಷಬಾಧೆ) ತರುವ ಬ್ಯಾಕ್ಟೀರಿಯಾ ಬೆಳೆಯದು. ಆದರೆ ವಿನೆಗರ್ ಹಾಕದೆ ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಹುಳಿಯೂ ಇಲ್ಲ, ಗಾಳಿಯೂ ಇಲ್ಲ: ಆ ಬ್ಯಾಕ್ಟೀರಿಯಾಕ್ಕೆ ಹೇಳಿಮಾಡಿಸಿದ ಜಾಗ. ಫ್ರಿಜ್‌ನಲ್ಲೂ 4 ದಿನ ದಾಟಿಸಬೇಡಿ. ಅದು ಬಿಡುವ ವಿಷಕ್ಕೆ ವಾಸನೆಯಿಲ್ಲ, ಮೂಸಿ ನೋಡಿ ಪ್ರಯೋಜನವಿಲ್ಲ. ಬೂಷ್ಟು ಬಂದರಂತೂ ಮೇಲಿನ ಪದರ ತೆಗೆದು ಉಳಿದದ್ದನ್ನು ಬಳಸದೆ ಪೂರ್ತಿ ಚೆಲ್ಲಿಬಿಡಿ.